ಹುಲಿಮನೆ ಆಟಕ್ಕೆ ಯಾರ ಊರಿನ ಲೆಕ್ಕ?

ರಾಯಚೂರಿನ ಹಾಸ್ಟೆಲಿನಲ್ಲಿ ಊರಿನ ಹೆಸರೇ ಎಲ್ಲರ ಹೆಸರಾಗಿತ್ತು. ಅಲ್ಲಿನ ಗೆಳೆಯರ ‘12ನೇ ಕೊಠಡಿ’ ಮೊಬೈಲ್ ಗುಂಪಿನಲ್ಲಿ ಇಂದಿಗೂ ಹಾಗೆಯೇ ಇದೆ. ನಾಡು ಕಟ್ಟಿ ಯುದ್ಧ ಮಾಡುವ ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ 2ರ ಬಗ್ಗೆ ಆ ಗುಂಪಿನಲ್ಲಿ ಒಂದು ರಾತ್ರಿ ನಡೆದ ಮಾತು ಇದು.

ಸಂಡೂರು, ರಾತ್ರಿ 8:41
(ಫಾರ್ವರ್ಡ್) ಏಜ್ ಆಫ್ ಎಂಪೈರ್ಸ್ 2 ಆಟವನ್ನು ಕೆಡಿಸಿಬಿಟ್ಟರು. ಎಲ್ಲರೂ ಆಟ ಮಾರುವ ತಾಣ ಸ್ಟೀಮ್‌ಗೆ ಹೋಗಿ ಮೂಲ ಆಟಕ್ಕೇ ‘ಶಿಫಾರಸು ಮಾಡುವುದಿಲ್ಲ’ ಎಂದು ಒತ್ತಿ. ಹತ್ತು ಜನರಿಗೆ ಕಳುಹಿಸಿ.

ಸಂಡೂರು, 8:42
ನಾನು ಒತ್ತಿ ಬಂದೆ. ನೀವೂ ಒತ್ತಿ.

ಸಿಂಧನೂರು, 8:50
ನಾನು ಒತ್ತುವುದಿಲ್ಲ. ಇದು 1999ರ ಆಟ. ಅದನ್ನು ಕಟ್ಟಿದ ಎನ್‌ಸೆಂಬಲ್ ಸ್ಟುಡಿಯೋಸ್ 2009ರಲ್ಲೇ ಬಾಗಿಲು ಮುಚ್ಚಿತು. ಕೈ ಹಾಕಿ ಬದಲಾಯಿಸುವವರು ಸಿಕ್ಕಿದ್ದರಿಂದಲೇ ಆಟ ಉಳಿದಿದೆ. ನೆನಪಿದೆಯೇ, ಮೊದಲ ಆವೃತ್ತಿಯಲ್ಲಿ ಹೊಲ ಬರಿದಾದಾಗಲೆಲ್ಲ ನಾವೇ ಹುಡುಕಿಕೊಂಡು ಹೋಗಿ ಮತ್ತೆ ಬಿತ್ತಬೇಕಿತ್ತು. 2000ದ ‘ಕಾಂಕರರ್ಸ್’ನಲ್ಲಿ ಗಿರಣಿಗೆ ಮೊದಲೇ ಹೇಳಿಡುವ ಅನುಕೂಲ ಬಂತು. 2019ರ ಡೆಫಿನಿಟಿವ್ ಎಡಿಷನ್‌ನಲ್ಲಿ ಹೊಲ ತಾನಾಗಿಯೇ ಬಿತ್ತನೆಯಾಗುತ್ತದೆ. ಆಗ ನೀನು ಕೆಡಿಸಿದರು ಎನ್ನಲಿಲ್ಲ.

ಸಂಡೂರು, 8:54
ಹೊಲದ ಅನುಕೂಲ ಇಬ್ಬರಿಗೂ ಒಂದೇ. 2025ರ ಮೇ 6ರಂದು ಬಂದ ‘ತ್ರೀ ಕಿಂಗ್‌ಡಮ್ಸ್’ ಡಿಎಲ್‌ಸಿ (ಹಣ ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗ) ಹಾಗಲ್ಲ. ಅದರಲ್ಲಿ ನಾವು ಆರಿಸಿಕೊಂಡು ಆಡುವ ಐದು ಹೊಸ ನಾಗರಿಕತೆಗಳಿವೆ. ಅವುಗಳಲ್ಲಿ ಶು, ವೇಯ್, ವು ಮೂರಕ್ಕೆ ಮಾತ್ರ ಪಂದ್ಯದ ಕೊನೆಯ ಯುಗದಲ್ಲಿ ಒಬ್ಬ ಹೀರೋ, ಅಂದರೆ ಸಾಮಾನ್ಯ ಸೈನಿಕರಿಗಿಂತ ಬಲಶಾಲಿಯಾದ ನಾಯಕ ಸಿಗುತ್ತಾನೆ. ಲಿಯು ಬೇ, ಸಾವೊ ಸಾವೊ, ಸುನ್ ಜಿಯಾನ್. ಒಬ್ಬರೇ ಆಡುವ ಕಥೆಯ ಪಂದ್ಯಗಳಲ್ಲಿ ಹೀರೋಗಳು ಮೊದಲಿನಿಂದಲೂ ಇದ್ದರು, ಅದಕ್ಕೆ ನನ್ನ ತಕರಾರಿಲ್ಲ. ರ‍್ಯಾಂಕ್ ಪಂದ್ಯದಲ್ಲಿ, ಅಂದರೆ ಸೋಲು-ಗೆಲುವಿನ ಅಂಕ ಲೆಕ್ಕಕ್ಕೆ ಬರುವ ಆನ್‌ಲೈನ್ ಪಂದ್ಯದಲ್ಲಿ, ಇಪ್ಪತ್ತೈದು ವರ್ಷ ಇರಲಿಲ್ಲ. ಉಳಿದ ಎರಡು, ಎಷ್ಟೋ ಜನ ಆಸೆಯಿಂದ ಕಾದಿದ್ದ ಖಿತಾನರಿಗೂ ಜುರ್ಚೆನರಿಗೂ ಕಥೆಯ ಪಂದ್ಯಗಳನ್ನೇ ಕೊಟ್ಟಿಲ್ಲ.

ಮಾನ್ವಿ, 8:57
ಮಧ್ಯಯುಗದ ಆಟದಲ್ಲಿ ಮೂರನೇ ಶತಮಾನದ ರಾಜ್ಯಗಳು. ನನಗೆ ಅದೇ ಹಿಡಿಸಲಿಲ್ಲ.

ಸಿಂಧನೂರು, 8:59
ಐದನೇ ಶತಮಾನದ ಹೂಣ ದೊರೆ ಅಟಿಲಾ 2000ದಲ್ಲೇ ಬಂದ. 2023ರಲ್ಲಿ ರೋಮನ್ನರೂ ಬಂದರು. ಬೇಡವಾದವರು ಕೊಳ್ಳದೆ ಇರಲಿ, ಬಲವಂತ ಯಾರದೂ ಇಲ್ಲ.

ಕುಷ್ಟಗಿ, 9:10
‘ಬೇಡವಾದರೆ ಕೊಳ್ಳಬೇಡ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ, ಸಿಂಧನೂರು. ಕೊಳ್ಳದಿದ್ದರೆ ಆ ನಾಗರಿಕತೆಗಳನ್ನು ನಾನು ಆಡಲಾಗುವುದಿಲ್ಲ, ಅಷ್ಟೇ. ಕೊಂಡವನು ಅವುಗಳನ್ನೇ ಹಿಡಿದು ರ‍್ಯಾಂಕ್ ಪಂದ್ಯದಲ್ಲಿ ನನ್ನ ಎದುರು ಬರುತ್ತಾನೆ. ಹಣ ಕೊಟ್ಟವನಿಗೂ ಕೊಡದವನಿಗೂ ಆಟ ಬದಲಾಗಿಯೇ ಬದಲಾಗುತ್ತದೆ.

ನಮ್ಮೂರ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹುಲಿಮನೆ ಕೊರೆದಿದ್ದಾರೆ. ಹಂಪಿಯ ಮಂಟಪಗಳ ನೆಲದಲ್ಲೂ ಕೊರೆದ ಆಟದ ಮನೆಗಳಿವೆ, ನಾವೆಲ್ಲ ನೋಡಿದ್ದೇವೆ. ನಮ್ಮ ಕಟ್ಟೆಯ ಗೆರೆಗಳು ಎಷ್ಟು ಸವೆದಿವೆ ಎಂದರೆ ಬೆರಳಿಟ್ಟು ಎಳೆದರೆ ಎಣ್ಣೆ ಸವರಿದಂತೆ ಜಾರುತ್ತದೆ. ಅಜ್ಜ ಹುಣಸೆ ಬೀಜವನ್ನು ಹುಲಿ ಮಾಡಿ, ಜೋಳದ ಕಾಳನ್ನು ಕುರಿ ಮಾಡಿ ಆಡುತ್ತಿದ್ದರು. ನಮ್ಮಲ್ಲಿ ಮೂರು ಹುಲಿ, ಹದಿನೈದು ಕುರಿ. ಅಜ್ಜಿಯ ತಮ್ಮ ಬಂದರೆ ನಾಲ್ಕು ಹುಲಿ ಬೇಕು ಎನ್ನುವರು. ಬೀಜ ಇಡುವ ಮೊದಲು ಇಬ್ಬರೂ ಯಾರ ಊರಿನ ಲೆಕ್ಕ ಎಂದು ತೀರ್ಮಾನಿಸಿಕೊಳ್ಳುತ್ತಿದ್ದರು, ಕೆಲವೊಮ್ಮೆ ಆಟಕ್ಕಿಂತ ಆ ಮಾತುಕತೆಯೇ ಹೆಚ್ಚು ಹೊತ್ತು ನಡೆಯುತ್ತಿತ್ತು. ನಿಯಮ ಬದಲಾಗಬಾರದು ಎಂದು ನಾನು ಹೇಳುತ್ತಿಲ್ಲ. ಕಟ್ಟೆಯ ಮೇಲೆ ಕೂತವರ ಮಾತಿನಿಂದ ಬದಲಾಗಲಿ.

ಮಾನ್ವಿ, 9:13
ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಡುವ ದಿನ ಗೊತ್ತು ಮಾಡುವುದಕ್ಕೂ ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ನಮ್ಮಂತಹ ಕೊನೆಯ ಭಾಗದವರಿಗೆ ನೀರು ಸಿಗುತ್ತದೋ ಇಲ್ಲವೋ, ಸಭೆಯ ದಿನವಾದರೂ ನಮ್ಮ ಕೂಗು ಕೇಳಿಸುತ್ತದೆ.

ಸಿಂಧನೂರು, 9:21
ಕುಷ್ಟಗಿ, ಒಂದು ಪ್ರಶ್ನೆಗೆ ಉತ್ತರ ಕೊಡು. 2013ರಲ್ಲಿ ಇಡೀ ಉಪಖಂಡಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ನಾಗರಿಕತೆ ಇತ್ತು. 2022ರ ಏಪ್ರಿಲ್‌ನಲ್ಲಿ ಅದನ್ನು ತೆಗೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕು ಮಾಡಿದರು. ಆ ರಾತ್ರಿ ಈ ಗುಂಪಿನಲ್ಲಿ ಹಬ್ಬವಾಗಿತ್ತು. ದ್ರಾವಿಡರಿಗೆ ಕೊಟ್ಟ ‘ವೂಟ್ಜ್ ಸ್ಟೀಲ್’ ತಂತ್ರಜ್ಞಾನ ನೋಡಿ, ಆ ಪದ ನಮ್ಮ ‘ಉಕ್ಕು’ವಿನಿಂದಲೇ ಬಂದದ್ದು ಎಂದು ನೀನೇ ಮೂರು ಸಂದೇಶ ಬರೆದಿದ್ದೆ. ವರ್ಷಗಟ್ಟಲೆ ‘ಇಂಡಿಯನ್ಸ್’ ಆಡಿ ಕೈ ಪಳಗಿಸಿಕೊಂಡವರನ್ನು ಅಂದು ಯಾರು ಕೇಳಿದರು? ನೀನು ಕೇಳಿದೆಯಾ?

ಕುಷ್ಟಗಿ, 9:34
ಇಲ್ಲ, ಕೇಳಲಿಲ್ಲ. ನೀನು ಹೇಳಿದ್ದು ಸರಿ, ನನಗೆ ಇಷ್ಟವಾದ ಬದಲಾವಣೆಯಾದ್ದರಿಂದ ಆ ಪ್ರಶ್ನೆ ತಲೆಗೆ ಹೊಳೆಯಲೇ ಇಲ್ಲ. ದ್ರಾವಿಡರ ಸೈನಿಕರು ತಮಿಳಿನಲ್ಲಿ ಓಗೊಟ್ಟಾಗ, ಕನ್ನಡವೂ ಇರಬೇಕಿತ್ತು ಎಂದು ಒಂದು ವಾರ ಕೊರಗಿದ್ದೂ ನಿಜ. ಆದರೂ ಅಂದು ಆಟದ ಬಗೆ ಬದಲಾಗಲಿಲ್ಲ. ದ್ರಾವಿಡರಿಗೆ ‘ನೈಟ್’ ಎಂಬ ಬಲಿಷ್ಠ ಕುದುರೆ ಸವಾರರಿಲ್ಲ, ಕಾಲಾಳು ಗಟ್ಟಿ. ಒಂದು ಕಡೆ ಬಲ ಕೊಟ್ಟರೆ ಇನ್ನೊಂದು ಕಡೆ ಕಿತ್ತುಕೊಳ್ಳುವ ಹಳೆಯ ಲೆಕ್ಕವೇ ಅದು. ಹೀರೋ ಆ ಲೆಕ್ಕಕ್ಕೆ ಹೊರಗಿನವನು.

ಕೊಪ್ಪಳ, 9:40
ನನ್ನ ಮಗನಿಗೆ ಹದಿನಾಲ್ಕು. ಈ ಡಿಎಲ್‌ಸಿಯಿಂದಲೇ ಅವನು ಆಟಕ್ಕೆ ಬಂದ. ಸಾವೊ ಸಾವೊ ಯಾರು ಎಂದು ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾನೆ. ಅವನ ಸಂತೋಷವನ್ನು ಕೆಟ್ಟದ್ದು ಎನ್ನಲು ನನಗೆ ಮನಸ್ಸಿಲ್ಲ. ಹೀರೋ ಇರುವ ಪಂದ್ಯ, ಇಲ್ಲದ ಪಂದ್ಯ ಎಂದು ಬೇರೆ ಬೇರೆ ಸಾಲು ಮಾಡಿದರೆ ಆಗದೇ?

ಸಿಂಧನೂರು, 9:42
ಆಟಗಾರರು ಹಂಚಿಹೋಗುತ್ತಾರೆ, ಅಕ್ಕ. ಎದುರಾಳಿಗಾಗಿ ಎರಡೂ ಸಾಲುಗಳಲ್ಲಿ ಕಾಯುತ್ತಾ ಕೂರಬೇಕಾಗುತ್ತದೆ.

ಬಳ್ಳಾರಿ ಅಣ್ಣ, 9:55
ಈಗ ನೋಡಿದೆ. ಸಂಡೂರು, ಈ ಆಟವನ್ನು ಇಂದು ನೋಡಿಕೊಳ್ಳುತ್ತಿರುವ ಫರ್ಗಾಟನ್ ಎಂಪೈರ್ಸ್ ತಂಡ ಶುರುವಾದದ್ದೇ ನಮ್ಮಂತಹ ಅಭಿಮಾನಿಗಳಿಂದ. ಅವರು ತಮ್ಮ ಖುಷಿಗೆ ಮಾಡಿಕೊಂಡಿದ್ದ ವಿಸ್ತರಣೆಯೇ 2013ರಲ್ಲಿ ಅಧಿಕೃತವಾಯಿತು. ಆಟಗಾರನ ಸಂಕಟ ಅವರಿಗೆ ತಿಳಿಯದ್ದಲ್ಲ. ಡಿಎಲ್‌ಸಿ ಮೇಲೆ ಸಿಟ್ಟಿದ್ದರೆ ಅದರ ಕೆಳಗೆ ಬರೆ. ಮೂಲ ಆಟದ ಮೇಲೆ ಯಾಕೆ?

ಸಂಡೂರು, 9:58
ಅಣ್ಣ, ಕೊಳ್ಳದವನಿಗೆ ಅದರ ಕೆಳಗೆ ವಿಮರ್ಶೆ ಬರೆಯಲು ಸ್ಟೀಮ್ ಬಿಡುವುದಿಲ್ಲ. ಬೇಡ ಎನ್ನುವುದಕ್ಕೂ ಮೊದಲು ಹಣ ಕೊಟ್ಟು ಕೊಳ್ಳಬೇಕು. ನನಗಿರುವುದು ಮೂಲ ಆಟದ ಜಾಗ ಒಂದೇ.

ಬಳ್ಳಾರಿ ಅಣ್ಣ, 10:01
ಇದು ನನಗೆ ಹೊಳೆದಿರಲಿಲ್ಲ.

ಕುಷ್ಟಗಿ, 10:06
ಹಾಗಾದರೆ ಅಲ್ಲೇ ಬರೆ. ಆದರೆ ಈ ಫಾರ್ವರ್ಡ್ ಬೇಡ. ಹತ್ತು ಸಾವಿರ ಜನ ಒಂದೇ ಸಾಲನ್ನು ಅಂಟಿಸಿದರೆ ಓದುವವನಿಗೆ ಗದ್ದಲ ಮಾತ್ರ ಕೇಳಿಸುತ್ತದೆ. ಎಷ್ಟು ಗಂಟೆ ಆಡಿದ್ದೀಯ ಎಂಬುದನ್ನು ನಿನ್ನ ಹೆಸರಿನ ಪಕ್ಕದಲ್ಲಿ ಸ್ಟೀಮ್ ತಾನೇ ತೋರಿಸುತ್ತದೆ. ನಿನಗೆ ಏನು ನೋವಾಯಿತು ಎಂದು ನಿನ್ನ ಮಾತಿನಲ್ಲೇ, ಕನ್ನಡದಲ್ಲೇ ಬರೆ.

ಸಂಡೂರು, 10:38
ಹಳೆಯದನ್ನು ಅಳಿಸಿ ಇದನ್ನು ಹಾಕಿದ್ದೇನೆ:

“ರಾಯಚೂರಿನ ಹಾಸ್ಟೆಲಿನಲ್ಲಿ ನಾಲ್ಕು ಕಂಪ್ಯೂಟರ್ ಜೋಡಿಸಿ ಈ ಆಟ ಕಲಿತೆವು. ಜಿಲ್ಲೆಯಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರವಿದ್ದರೂ ನಮ್ಮ ಕೊಠಡಿಯಲ್ಲಿ ಕರೆಂಟು ಹೋಗುತ್ತಿತ್ತು. ಯುಪಿಎಸ್ ಕೂಗಲು ಶುರುವಾದರೆ ಎಂಟು ಜನ ಉಸಿರು ಬಿಗಿಹಿಡಿದು ಆಟ ಉಳಿಸಿಕೊಳ್ಳುತ್ತಿದ್ದೆವು. ಸೋತರೆ ಯಾಕೆ ಸೋತೆ ಎಂದು ಬೆಳಗಿನವರೆಗೆ ಚರ್ಚಿಸುತ್ತಿದ್ದೆವು, ಯಾಕೆಂದರೆ ಕಾರಣ ನಮ್ಮ ಕೈಯಲ್ಲೇ ಇರುತ್ತಿತ್ತು. ರ‍್ಯಾಂಕ್ ಪಂದ್ಯದಲ್ಲಿ ಹೀರೋಗಳು ಬೇಡ. ಕಥೆಯ ಪಂದ್ಯಗಳಲ್ಲಿ ಇರಲಿ. ಡಿಎಲ್‌ಸಿ ಕೊಂಡಿಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಹೀರೋಗಳನ್ನು ತೆಗೆದ ದಿನ ಈ ಗುರುತನ್ನು ನಾನೇ ಬದಲಾಯಿಸುತ್ತೇನೆ.”

ಮಾನ್ವಿ, 10:40
ಆ ಯುಪಿಎಸ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಸಿಂಧನೂರು, 10:44
ಹೀರೋ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಆದರೆ ಇದು ನೀನು ಬರೆದದ್ದು, ಮೇಲಿನದು ನಿನ್ನದಾಗಿರಲಿಲ್ಲ. ಹನ್ನೊಂದಕ್ಕೆ ನಮ್ಮದೇ ಪಂದ್ಯಕ್ಕೆ ಲಾಬಿ (ಆಟಗಾರರು ಸೇರುವ ಕೋಣೆ) ತೆರೆಯುತ್ತೇನೆ. ಶು, ವೇಯ್, ವು ಯಾರೂ ತೆಗೆದುಕೊಳ್ಳುವುದು ಬೇಡ. ಒಪ್ಪಿಗೆಯೇ?

ಕುಷ್ಟಗಿ, 10:45
ಒಪ್ಪಿಗೆ.

ಕೊಪ್ಪಳ, 10:46
ನನ್ನ ಮಗ ಒಂದು ಪಂದ್ಯ ಸಾವೊ ಸಾವೊ ಜೊತೆ ಆಡಬೇಕು ಎನ್ನುತ್ತಿದ್ದಾನೆ.

ಸಂಡೂರು, 10:49
ಎರಡನೇ ಪಂದ್ಯ ಅವನ ಲೆಕ್ಕದಲ್ಲಿ ಆಡೋಣ, ಅಕ್ಕ. ಮೊದಲನೆಯದು ನಮ್ಮ ಲೆಕ್ಕದಲ್ಲಿ.