ಸಹಾಯ ಬೇಕು: ಮುಂದಿನ ಎಡಚಕ್ರದಲ್ಲಿ ಟಕ್ ಟಕ್ ಸದ್ದು (ದಾವಣಗೆರೆ)

ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿರುವ ಸಸ್ಪೆನ್ಷನ್) ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಓಡಿದೆ. ಹದಡಿ ರಸ್ತೆ ಕಡೆಯ ಒಳದಾರಿಗಳಲ್ಲಿ 15–25 ಕಿ.ಮೀ. ವೇಗದಲ್ಲಿ ಒಂದೇ ಚಕ್ರ ಗುಂಡಿಗಿಳಿದರೆ ಎಡಗಡೆ ಸದ್ದು. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಇಲ್ಲ. ಚಿತ್ರದುರ್ಗದವರೆಗಿನ ಹೆದ್ದಾರಿಯಲ್ಲೂ ಇಲ್ಲ.

ಇದುವರೆಗೆ ನೋಡಿದ್ದು: ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಅದೇ ಗುಂಡಿ ದಾಟಿದರೂ ಸದ್ದು ನಿಲ್ಲುವುದಿಲ್ಲ, ಹಾಗಾಗಿ ಪ್ಯಾಡ್, ಕ್ಯಾಲಿಪರ್ ಪಿನ್ ಮೇಲೆ ಅನುಮಾನ ಕಡಿಮೆ. ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಸ್ಪ್ರಿಂಗ್ ಜಿಗಿಯುವ ಸದ್ದಿಲ್ಲ, ಸ್ಟ್ರಟ್ ಮೌಂಟ್ ಬೇರಿಂಗ್ ಸರಿಯಿರಬೇಕು. ಶಾಕ್‌ನಿಂದ ಎಣ್ಣೆ ಸೋರಿಲ್ಲ. ಜಾಕ್ ಸ್ಟ್ಯಾಂಡ್ ಮೇಲಿಟ್ಟು ಚಕ್ರದ 12 ಮತ್ತು 6 ಗಂಟೆಯ ಜಾಗ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಕೀಲು) ಗಟ್ಟಿ, 3 ಮತ್ತು 9ರಲ್ಲಿ ಟೈ ರಾಡ್ (ಸ್ಟೀರಿಂಗ್ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ಗಟ್ಟಿ.

ಗ್ಯಾರೇಜಿನಲ್ಲಿ ಎರಡೂ ಸ್ಟ್ರಟ್ ಬದಲಿಸಿ ಅಂದರು. ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ, ಲಕ್ಷಣವೆಲ್ಲ ಸ್ಟೆಬಿಲೈಸರ್ ಲಿಂಕ್ (ಎಡ, ಬಲ ಚಕ್ರಗಳ ನಡುವಿನ ಸ್ಟೆಬಿಲೈಸರ್ ಬಾರ್ ತುದಿಯನ್ನು ಸಸ್ಪೆನ್ಷನ್ನಿಗೆ ಸೇರಿಸುವ ಸಣ್ಣ ಸರಳು) ಕಡೆಗೇ ಬೊಟ್ಟು ಮಾಡುತ್ತಿದೆ. ಎರಡು ಚಕ್ರ ಒಟ್ಟಿಗೆ ಎದ್ದರೆ ಬಾರ್ ತಿರುಚಿಕೊಳ್ಳುವುದಿಲ್ಲ, ಲಿಂಕ್‌ಗೆ ಭಾರ ಬೀಳುವುದಿಲ್ಲ. ಒಂದೇ ಬದಿ ಜಾಕ್ ಹಾಕಿದರೆ ಬಾರ್ ತಿರುಚಿ ಲಿಂಕ್ ಬಿಗಿಯಾಗಿ, ಸವೆದ ಜಾಯಿಂಟ್ ಕೂಡ ಗಟ್ಟಿ ಅನ್ನಿಸುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಕೆಳಗಿನಿಂದ ಕೈಹಾಕಿ ಲಿಂಕ್ ಅಲ್ಲಾಡಿಸಬೇಕು.

ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಪಿಟ್ (ಕಾರಿನಡಿ ನಿಂತು ನೋಡುವ ಗುಂಡಿ) ಇರುವ, ಹೀಗೆ ಪರೀಕ್ಷಿಸಲು ಒಪ್ಪುವ ಮೆಕ್ಯಾನಿಕ್ ಯಾರಿದ್ದಾರೆ? ಎರಡೂ ಲಿಂಕ್ ಕಳಚಿ ನಿಧಾನಕ್ಕೆ ಒಂದು ಸುತ್ತು ಓಡಿಸಿದರೆ ಸದ್ದು ಹೋಗುತ್ತದಾ ನೋಡಬೇಕಿದೆ. ಹೋಗದಿದ್ದರೆ ಮುಂದಿನ ಅನುಮಾನ ಲೋವರ್ ಆರ್ಮ್ ಬುಷ್ (ಕೆಳಗಿನ ತೋಳು ಕಾರಿಗೆ ಸೇರುವಲ್ಲಿನ ರಬ್ಬರ್). ಅದನ್ನು ಹಾಕುವವರು ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲಿರುವಾಗಲೇ ಕೊನೆಯದಾಗಿ ಬಿಗಿಯುವವರಾಗಿರಲಿ, ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.