ಸಹಾಯ ಬೇಕು: ಫ್ಲೋರೈಡ್ ಅಳತೆಯನ್ನು ಗುಂಪು ಮಾಡಬೇಕಾ, ಹಾಗೇ ಬಿಡಬೇಕಾ?

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಮತ್ತು ಶಾಲೆ ಮಕ್ಕಳ ಹಲ್ಲಿನ ಕಲೆ ಬಗ್ಗೆ ಥೀಸಿಸ್ ಮಾಡುತ್ತಿದ್ದೇನೆ. ಅಳತೆಯನ್ನು ‘ಕಡಿಮೆ’, ‘ಜಾಸ್ತಿ’ ಅಂತ ಎರಡು ಗುಂಪು ಮಾಡಿ ಕೈ-ಸ್ಕ್ವೇರ್ (ಗುಂಪುಗಳ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡುವ ಪರೀಕ್ಷೆ) ಹಾಕಿ ಎನ್ನುತ್ತಾರೆ ಗೈಡ್ ಮೇಡಂ. ಟೇಬಲ್ ನೋಡಲು ಚೆನ್ನಾಗಿರುತ್ತದೆ, ನಿಜ.

ಆದರೆ ಲೀಟರಿಗೆ 1.5 ಮಿಲಿಗ್ರಾಂಗೆ ಗೆರೆ ಎಳೆದರೆ 1.4ರ ನೀರು 0.3ರ ಜೊತೆ ಸೇರುತ್ತದೆ, 1.6 ಹೋಗಿ 4ರ ಪಕ್ಕ ಕೂರುತ್ತದೆ. ಇದು ಸರೀನಾ? 1.5 ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹೇಳುವ ಗರಿಷ್ಠ ಮಿತಿ, ಎಷ್ಟು ಬೋರ್‌ವೆಲ್ ಮಿತಿ ಮೀರಿವೆ ಅಂತ ಹೇಳಲು ಅದು ಸಾಕು. ಹಲ್ಲಿಗೆ ಆ ಗೆರೆ ಗೊತ್ತಿಲ್ಲ ಅಲ್ವಾ! ಮೀಡಿಯನ್‌ನಲ್ಲಿ (ಅಳತೆಗಳನ್ನು ಸಾಲಾಗಿಟ್ಟರೆ ನಟ್ಟನಡುವೆ ಬರುವುದು) ಕತ್ತರಿಸುವುದು ಇನ್ನೂ ಕೆಟ್ಟದು. ಸುಮಾರು ಮೂರನೇ ಒಂದು ಭಾಗ ಡೇಟಾ ಸುಮ್ನೆ ಎಸೆದಷ್ಟು ನಷ್ಟ. ಇನ್ನೊಬ್ಬರ ಸ್ಟಡಿಯಲ್ಲಿ ಮೀಡಿಯನ್ನೇ ಬೇರೆ, ಹಾಗಾಗಿ ಹೋಲಿಸಲೂ ಆಗುವುದಿಲ್ಲ.

ಅಳತೆಯನ್ನು ಹಾಗೇ ಇಟ್ಟು ಲಾಜಿಸ್ಟಿಕ್ ರಿಗ್ರೆಶನ್ (ಅಳತೆ ಏರಿದಂತೆ ಕಲೆ ಬರುವ ಸಾಧ್ಯತೆ ಹೇಗೆ ಬದಲಾಗುತ್ತದೆ ಅಂತ ಲೆಕ್ಕ ಹಾಕುವ ವಿಧಾನ) ಮಾಡೋಣ ಅಂದುಕೊಂಡಿದ್ದೇನೆ. ಸಂಬಂಧ ನೇರ ಗೆರೆಯಲ್ಲಿ ಇಲ್ಲದಿದ್ದರೆ ಸ್ಪ್ಲೈನ್ (ತುಂಡುಗಳನ್ನು ಜೋಡಿಸಿದ ನಯವಾದ ಬಾಗು ಗೆರೆ) ಹಾಕಬೇಕು. ನಾಟ್‌ಗಳು (ಆ ತುಂಡುಗಳು ಸೇರುವ ಜಾಗಗಳು) ಎಷ್ಟಿರಬೇಕು, ಎಲ್ಲಿಡಬೇಕು? ಒಂದೇ ಬೋರ್‌ವೆಲ್ ನೀರು ಕುಡಿಯುವ ಮಕ್ಕಳು ತುಂಬಾ ಜನ ಇದ್ದಾರೆ, ಅದನ್ನು ಮಾಡೆಲ್‌ನಲ್ಲಿ ಹೇಗೆ ತರುವುದು? ‘ಆರ್’ (R) ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಇದನ್ನು ಮಾಡಿದವರು ಕೋಡ್ ತೋರಿಸಿದರೆ ದೊಡ್ಡ ಉಪಕಾರ. ಮೇಡಂಗೆ ತೋರಿಸಲು ಒಂದು ಒಳ್ಳೆ ಗ್ರಾಫ್ ಬೇಕು, ಬರೀ ಮಾತಿಗೆ ಅವರು ಒಪ್ಪುವವರಲ್ಲ.