ಊರಿಂದ ಬೆಂಗಳೂರಿಗೆ ಕತ್ತಿ ತಗೊಂಡು ಬರ್ಬೋದಾ? ಕಾನೂನು ಗೊತ್ತಿರೋರು ಹೇಳಿ

ತೋಟದ_ಹುಡುಗ:

ನಮ್ಮೂರು ತೀರ್ಥಹಳ್ಳಿ ಹತ್ರ, ಕೆಲಸ ಬೆಂಗಳೂರಲ್ಲಿ. ಕನಕಪುರ ರೋಡ್ ಕಡೆ ಸಣ್ಣ ಜಾಗ ಇದೆ, ಹತ್ತು ತೆಂಗು, ಒಂದಷ್ಟು ಬಾಳೆ, ಉಳಿದಿದ್ದೆಲ್ಲ ಲಂಟಾನ. ಇಲ್ಲಿ ಅಂಗಡೀಲಿ ತಗೊಂಡ ಮಚ್ಚು ಎರಡೇ ದಿನಕ್ಕೆ ಬಾಯಿ ಮಡಚ್ಕೊಳ್ತು ಅಂತ ಫೋನಲ್ಲಿ ಹೇಳಿದ್ದೇ ತಪ್ಪಾಯ್ತು, ಅಪ್ಪ ಊರಿನ ಆಚಾರ್ರ ಕುಲುಮೇಲಿ ನನಗೋಸ್ಕರ ಒಂದು ಕತ್ತಿ ಮಾಡಿಸಿ ಇಟ್ಟಿದಾರೆ. ಲಾರಿ ಸ್ಪ್ರಿಂಗ್ ಪ್ಲೇಟು ಬಡಿದು ಮಾಡಿದ್ದು, ತುದಿ ಗಿಣಿಮೂತಿ ಥರ ಬಗ್ಗಿದೆ, ಹಿಡಿಗೆ ಹಿತ್ತಾಳೆ ಬಳೆ. ಅಳತೆ ಮಾಡಿದೆ, ಬಾಯಿ 10 ಇಂಚು, ಅಗಲ ಎರಡೂವರೆ.

ಈಗ 9 ಇಂಚಿಗಿಂತ ಉದ್ದ ಇದ್ರೆ ಲೈಸನ್ಸ್ ಬೇಕು, ಇಲ್ಲಾಂದ್ರೆ ಜೈಲು ಅಂತ ಫ್ರೆಂಡ್ ಒಬ್ಬ ಹೆದರಿಸ್ತಿದಾನೆ. ನಾನು ಹೆದರೋಕೆ ಕಾರಣಾನೂ ಇದೆ, ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸೋಕೆ ಬರೋ ಕೊನೆಗಾರರೊಬ್ರನ್ನ ಹೋದ ವರ್ಷ ಒಂದು ಚೆಕ್‌ಪೋಸ್ಟಲ್ಲಿ ಸೊಂಟದ ಕತ್ತಿ ನೋಡಿ ಎರಡು ಗಂಟೆ ಕೂರಿಸಿದ್ರು, ಪಾಪ ಬೆಳಿಗ್ಗೆಯಿಂದ ಮರ ಹತ್ತಿ ಸುಸ್ತಾಗಿದ್ದ ಮನುಷ್ಯ, ಕತ್ತಿ ಯಾಕೆ ಅಂತ ಕೇಳಿದ್ರೆ ಏನು ಹೇಳ್ಬೇಕು ಅಂತಾನೇ ಅವರಿಗೆ ಗೊತ್ತಾಗ್ಲಿಲ್ಲ, ಹುಟ್ಟಿದಾಗಿಂದ ಅದು ಸೊಂಟದಲ್ಲೇ ಇರೋದು. ಬಸ್ಸಲ್ಲಿ ತರ್ಬೋದಾ? ಟ್ರೈನಲ್ಲಿ?

ವಕೀಲ_ಶಿವಮೊಗ್ಗ:

ನಿಮ್ಮ ಫ್ರೆಂಡ್ ಹೇಳಿದ್ದು ಅರ್ಧ ಸರಿ. 2016ರ ಆರ್ಮ್ಸ್ ರೂಲ್ಸಲ್ಲಿ ಬಂದೂಕು ಅಲ್ಲದ ಆಯುಧಗಳ ಪಟ್ಟಿ ಇದೆ, ಖಡ್ಗ, ಬಾಕು, ಈಟಿ ಎಲ್ಲ ಅದ್ರಲ್ಲಿ ಬರುತ್ತೆ, ಜೊತೆಗೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಚಾಕುಗಳೂ. ಆದ್ರೆ ಅದೇ ಸಾಲಲ್ಲಿ ಮನೆ ಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದನ್ನ ಬಿಟ್ಟು ಅಂತಾನೂ ಇದೆ. ಇದನ್ನ ಯಾರೂ ಓದಲ್ಲ, 9 ಇಂಚು ಅನ್ನೋದು ಮಾತ್ರ ಎಲ್ಲರ ಬಾಯಲ್ಲೂ. 1959ರ ಮೂಲ ಆರ್ಮ್ಸ್ ಕಾಯ್ದೆಯಲ್ಲೂ ಆಯುಧ ಅಂದ್ರೇನು ಅಂತ ಹೇಳೋವಾಗ್ಲೇ, ಬರೀ ಮನೆ ಅಥವಾ ಕೃಷಿ ಬಳಕೆಗೆ ಅಂತ ಮಾಡಿದ ಲಾಠಿ, ಊರುಗೋಲು ಥರದ್ದನ್ನ ಹೊರಗಿಟ್ಟಿದಾರೆ. ನಿಮ್ಮದು ಗಿಣಿಮೂತಿ ಇರೋ ತೋಟದ ಕತ್ತಿ. ನೋಡಿದ ತಕ್ಷಣ ಕೆಲಸದ ಸಾಮಾನು ಅಂತ ಗೊತ್ತಾಗುತ್ತೆ.

ಜೈಲು ಅಂತ ನಿಮ್ಮ ಫ್ರೆಂಡ್ ಹೇಳಿದ್ದು ಇದೇ ಆರ್ಮ್ಸ್ ಕಾಯ್ದೆಯ ಸೆಕ್ಷನ್ 25ರ ಬಗ್ಗೆ ಇರ್ಬೇಕು. ಸರ್ಕಾರ ಸೆಕ್ಷನ್ 4ರ ಕೆಳಗೆ ಅಧಿಸೂಚನೆ ಹೊರಡಿಸಿದ ಜಾಗದಲ್ಲಿ ಅಂಥ ಆಯುಧ ಲೈಸನ್ಸ್ ಇಲ್ಲದೆ ಇಟ್ಕೊಂಡ್ರೆ ಒಂದರಿಂದ ಮೂರು ವರ್ಷ.

ಹಾಗಂತ ಕೈ ಬೀಸ್ಕೊಂಡು ಹೋಗ್ಬೇಡಿ. ಗಲಾಟೆ, ಚುನಾವಣೆ, ದೊಡ್ಡ ಮೆರವಣಿಗೆ ಟೈಮಲ್ಲಿ ಬಿಎನ್‌ಎಸ್‌ಎಸ್ 163ರ ನಿಷೇಧಾಜ್ಞೆ ಜಾರಿ ಮಾಡ್ತಾರೆ, 2024ರ ಜುಲೈ 1ರವರೆಗೆ 144 ಅಂತಿದ್ವಲ್ಲ ಅದೇ. ಆ ಆದೇಶದಲ್ಲಿ ಮಾರಕಾಸ್ತ್ರ, ದೊಣ್ಣೆ, ಕಲ್ಲು ಕೂಡ ಹಿಡ್ಕೊಂಡು ಓಡಾಡ್ಬಾರ್ದು ಅಂತ ಬರೆದಿದ್ರೆ ನಿಮ್ಮ ಕತ್ತಿ ಕೃಷಿಯದ್ದಾದ್ರೂ ರಸ್ತೇಲಿ ಕಷ್ಟಾನೇ. ಹೊರಡೋ ಮುಂಚೆ ಆ ಜಿಲ್ಲೆಗಳಲ್ಲಿ ಏನಾದ್ರೂ ಇದೆಯಾ ನೋಡ್ಕೊಳ್ಳಿ. ಬಾಯಿಗೆ ದಪ್ಪ ರಟ್ಟು ಕಟ್ಟಿ, ಗೋಣಿಚೀಲದಲ್ಲಿ ಸುತ್ತಿ, ಹುರಿಯಿಂದ ಬಿಗಿದು ಲಗೇಜ್ ತಳದಲ್ಲಿ ಹಾಕಿ. ಆಚಾರ್ರ ಹತ್ರ ಒಂದು ಚೀಟಿ ಬರೆಸ್ಕೊಳ್ಳಿ, ದುಡ್ಡು ಎಷ್ಟು, ಯಾವತ್ತು ಅಂತ. ಪಹಣಿ ಫೋಟೋ ಫೋನಲ್ಲಿರ್ಲಿ. ರಾತ್ರಿ ಹನ್ನೊಂದಕ್ಕೆ ಬೈಕ್ ಸೀಟ್ ಕೆಳಗೆ ಇದೇ ಕತ್ತಿ ಸಿಕ್ಕಿದ್ರೆ ಪೊಲೀಸರು ಬೇರೆ ಕಣ್ಣಲ್ಲಿ ನೋಡ್ತಾರೆ.

ಕೊನೆಗಾರರ ವಿಷ್ಯ ಓದಿ ನಿಜವಾಗ್ಲೂ ಬೇಜಾರಾಯ್ತು. ಅವರಿಗೆ ತೋಟದ ಮಾಲೀಕರ ನಂಬರ್ ಇರೋ ಒಂದು ಚೀಟಿ ಜೇಬಲ್ಲಿ ಇಡೋಕೆ ಹೇಳಿ, ಅಂಥಾ ಹೊತ್ತಲ್ಲಿ ಅವರ ಪರವಾಗಿ ಒಂದು ಮಾತಾಡೋರು ಇದ್ರೆ ಸಾಕು.

ರೈಲು_ಮಾವ:

ನಾನು ರೈಲ್ವೇಲಿದ್ದು ರಿಟೈರ್ ಆದವ್ನು. ಕತ್ತಿಗಿಂತ ನನಗೆ ಭಯ ಇರೋದು ಬೇರೆ ಸಾಮಾನುಗಳದ್ದು. ಊರಿಂದ ಬರೋವಾಗ ಸಣ್ಣ ಗ್ಯಾಸ್ ಸಿಲಿಂಡರ್, ಪಂಪ್‌ಸೆಟ್‌ಗೆ ಅಂತ ಕ್ಯಾನಲ್ಲಿ ಪೆಟ್ರೋಲು, ದೀಪಾವಳಿ ಪಟಾಕಿ, ಇವನ್ನೆಲ್ಲ ಸೀಟ್ ಕೆಳಗೆ ತಳ್ತಾರೆ. 1989ರ ರೈಲ್ವೆ ಕಾಯ್ದೆ ಸೆಕ್ಷನ್ 164ರಲ್ಲಿ ಮೂರು ವರ್ಷದವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 2023ರ ಆಗಸ್ಟ್ 26ರಂದು ಮಧುರೈಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು, ಒಳಗೆ ಸಿಲಿಂಡರ್ ತಂದಿದ್ರು. ಟೀ ಮಾಡ್ಕೊಳ್ಳೋ ಸಿಲಿಂಡರ್ ಅಲ್ವಾ ಅನ್ಬೇಡಿ ದಯವಿಟ್ಟು.

ಮಡಿಕೇರಿ_ಮಳೆ:

ನಮ್ಮಲ್ಲಿ ಕತ್ತಿ ಅಂದ್ರೆ ಮನೆ ಮರ್ಯಾದೆ. ಮದುವೇಲಿ ಕುಪ್ಯ ಅನ್ನೋ ಉದ್ದ ಕೋಟು ಹಾಕಿ ಸೊಂಟಕ್ಕೆ ಪೀಚೆಕತ್ತಿ ಅನ್ನೋ ಸಣ್ಣ ಕತ್ತಿ ಸಿಕ್ಕಿಸ್ತಾರೆ, ಒಡಿಕತ್ತೀಲಿ ಬಾಳೆ ಕಡೀತಾರೆ. ಕೋವಿಗೆ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಲೈಸನ್ಸ್ ವಿನಾಯ್ತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದ್ರು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿತು. ಆದ್ರೂ ಬೆಂಗಳೂರಲ್ಲಿ ಮದುವೆ ಇದ್ರೆ ನಮ್ಮಪ್ಪ ಪೀಚೆಕತ್ತೀನ ಮಂಟಪಕ್ಕೆ ಹೋದ್ಮೇಲೇ ಪೆಟ್ಟಿಗೆಯಿಂದ ತೆಗೆಯೋದು, ದಾರೀಲಿ ಯಾರಿಗೂ ತೋರ್ಸಲ್ಲ. ಹಕ್ಕು ಇದೆಯೋ ಇಲ್ವೋ ಅಂತ ಅಲ್ಲ, ಎದುರಿಗಿರೋರಿಗೆ ಯಾಕೆ ಗಾಬರಿ ಮಾಡ್ಬೇಕು ಅಂತಾರೆ.

ವಿಮಾನದಲ್ಲಿ ಹೋಗೋರಿಗೆ ಇನ್ನೊಂದು ಮಾತು, ಒಣ ಕೊಬ್ಬರಿ ಬ್ಯಾಗಲ್ಲಿಟ್ಟು ಸಿಕ್ಕಾಕೋಬೇಡಿ. ಅದ್ರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯೋ ವಸ್ತು ಲೆಕ್ಕ. ಶಬರಿಮಲೆಗೆ ಹೋಗೋರ ಇರುಮುಡಿ ತೆಂಗಿನಕಾಯಿಯನ್ನ ಕ್ಯಾಬಿನ್ನಲ್ಲಿ ಬಿಡೋಕೂ 2024ರಲ್ಲಿ ಸ್ಪೆಷಲ್ ಆಗಿ ಅನುಮತಿ ಕೊಡ್ಬೇಕಾಯ್ತು, ಅದೂ 2025ರ ಜನವರಿ 20ರವರೆಗೆ ಮಾತ್ರ.

ಲೆಸ್ಟರ್_ಅಕ್ಕ:

ನಾನು ಇಂಗ್ಲೆಂಡಲ್ಲಿರೋದು. ಇಲ್ಲಿ ಕಾನೂನು ಉಲ್ಟಾ ಕೆಲಸ ಮಾಡುತ್ತೆ, 1988ರ ಕಾಯ್ದೆ ಪ್ರಕಾರ ಮಡಚೋ ಚಾಕು, ಅಲಗು 3 ಇಂಚಿನ ಒಳಗೆ, ಲಾಕ್ ಇಲ್ದೆ ಇದ್ರೆ ಮಾತ್ರ ಜೇಬಲ್ಲಿ ಇಟ್ಕೋಬೋದು. ಅದಕ್ಕಿಂತ ದೊಡ್ಡದಿದ್ರೆ ಯಾಕೆ ತಂದೆ ಅಂತ ಒಳ್ಳೆ ಕಾರಣ ನಾವೇ ತೋರಿಸ್ಬೇಕು, ಇಲ್ಲಾಂದ್ರೆ ನಾಲ್ಕು ವರ್ಷದವರೆಗೆ ಜೈಲು. ಅಮ್ಮ ಕೊಟ್ಟ ಈಳಿಗೆ ಮಣೆ ಚೆಕ್‌ಇನ್ ಲಗೇಜಲ್ಲಿ ಬಂತು, ಏರ್‌ಪೋರ್ಟಿಂದ ಮನೆಗೆ ತರೋದಕ್ಕೆ ಕಾರಣ ಇದೆ ಸರಿ, ಆದ್ರೆ ಸೋಮಾರಿತನದಲ್ಲಿ ಮೂರು ವಾರ ಕಾರ್ ಡಿಕ್ಕೀಲೇ ಬಿಟ್ಟಿದ್ದೆ. ಆಫೀಸಲ್ಲಿ ಮಾತಿಗೆ ಹೇಳಿದ್ರೆ ಜೊತೆಯವ್ರು ಇವತ್ತೇ ಒಳಗಿಡು ಅಂತ ಬೈದ್ರು. ಪೆಪ್ಪರ್ ಸ್ಪ್ರೇ ಅಂತೂ ಇಲ್ಲಿ ಬಂದೂಕಿನ ಕಾಯ್ದೆಯಲ್ಲೇ ನಿಷೇಧ, ಓದೋಕೆ ಬರೋ ಹೆಣ್ಣುಮಕ್ಕಳು ಬ್ಯಾಗಲ್ಲಿ ಹಾಕ್ಕೊಂಡು ಬರ್ಬೇಡಿ.

ತೋಟದ_ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಪ್ಪಂಗೆ ಫೋನ್ ಮಾಡಿದೆ, ಆಚಾರ್ರು ಅವರ ಮಗನ ನೋಟ್‌ಬುಕ್ ಹಾಳೇಲೇ ಚೀಟಿ ಬರೆದು ಕೊಟ್ರಂತೆ, ತೋಟದ ಕತ್ತಿ ಒಂದು ಅಂತ. ಹಗಲು ಬಸ್ಸಿಗೆ ಬರ್ತೀನಿ, ಹತ್ತೋವಾಗ್ಲೇ ಕಂಡಕ್ಟರ್‌ಗೆ ಹೇಳಿ ಗೋಣಿಕಟ್ಟು ಡಿಕ್ಕೀಲಿ ಹಾಕಿಸ್ತೀನಿ. ಕೊನೆಗಾರರಿಗೂ ನಮ್ಮ ಅಪ್ಪನ ಹೆಸರು, ನಂಬರ್ ಬರೆದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕೊಡೋಕೆ ಹೇಳಿದೀನಿ, ಮಳೇಲಿ ನೆನೀಬಾರ್ದಲ್ಲ.